ನಮ್‌ಹಿ ಸಹಿ ಹಾಕಿದ್ದು

ನಮ್‌ಹಿ ಮಗಳನ್ನು ಬಿಟ್ಟುಕೊಟ್ಟಳು, ತಿಂಗಳ ದುಡ್ಡು ಉಳಿಯಲಿ ಅಂತಲೇ ಬಿಟ್ಟುಕೊಟ್ಟಳು ಎಂದು ನಮ್ಮ ಬಂದರೂರು ಸಮ್‌ಚನ್‌ಪೋದಲ್ಲಿ ಈಗಲೂ ಹೇಳುವವರಿದ್ದಾರೆ. ಅವರಲ್ಲಿ ನಾಲ್ಕೈದು ಜನ ವಾರಕ್ಕೊಮ್ಮೆ ನಮ್ಮ ಸಾರ್ವಜನಿಕ ಸ್ನಾನದ ಮನೆಗೆ ಬರುತ್ತಾರೆ. ಹೆಂಗಸರ ಕಡೆಯ ಟಿಕೆಟ್ ಕಿಟಕಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವವಳು ನಾನು. ಅಂಥವರ ಚಿಲ್ಲರೆಯನ್ನು ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲೆ ಎಸೆಯುತ್ತೇನೆ. ಬೇಕಾದರೆ ಹೆಕ್ಕಿಕೊಳ್ಳಲಿ.

ನಮ್‌ಹಿ ನಮ್ಮಲ್ಲಿ ಮೈ ತಿಕ್ಕುವವಳು. ಗಿರಾಕಿಗಳು ಬಿಸಿನೀರಿನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ನೆನೆದು, ಮೂಲೆಯಲ್ಲಿರುವ ಪ್ಲಾಸ್ಟಿಕ್ ಹೊದಿಸಿದ ಮಂಚದ ಮೇಲೆ ಬಂದು ಮಲಗುತ್ತಾರೆ. ಇವಳು ಒರಟು ಹಸಿರು ಚೀಲವನ್ನು ಕೈಗೆ ತೊಟ್ಟು ಕತ್ತಿನಿಂದ ಹಿಮ್ಮಡಿಯವರೆಗೆ ತಿಕ್ಕುತ್ತಾಳೆ. ತೊಡೆಗೆ ಒಂದು ಏಟು ಬಿದ್ದರೆ ಮಗ್ಗುಲಾಗಬೇಕು, ಎರಡು ಬಿದ್ದರೆ ಬೋರಲು. ಊರಿನ ಬ್ಯಾಂಕ್ ಮ್ಯಾನೇಜರಮ್ಮನಿಂದ ಹಿಡಿದು ಮೀನು ಒಣಗಿಸುವ ಮುದುಕಿಯರ ತನಕ ಎಲ್ಲರೂ ಆ ಏಟಿಗೆ ತಕರಾರಿಲ್ಲದೆ ತಿರುಗುತ್ತಾರೆ. ಕರಿ ಒಳ ಉಡುಪಿನಲ್ಲಿ, ಹೊಗೆಯಂಥ ಆವಿಯಲ್ಲಿ, ದಿನಕ್ಕೆ ಹದಿನೈದು ಮೈ ತಿಕ್ಕುವ ಕೆಲಸ. ಸಾಯಂಕಾಲ ಅವಳ ಬೆರಳುಗಳು ಚಮಚ ಹಿಡಿಯಲಾರದಷ್ಟು ಬಿಗಿದಿರುತ್ತಿದ್ದವು. ಸೂಪನ್ನು ಬಟ್ಟಲೆತ್ತಿ ಕುಡಿಯುತ್ತಿದ್ದಳು.

ಅವಳನ್ನು ದೇವತೆ ಮಾಡಲು ನಾನು ಹೊರಟಿಲ್ಲ. ಮಗಳು ದಾಸೊಲ್‌ಗೆ ಮೂರು ವರ್ಷವಾಗಿದ್ದಾಗ ನಮ್‌ಹಿ ಕುಡಿಯುತ್ತಿದ್ದಳು. ಗಂಡ ಡೋಶಿಕ್ ಜೀವಂತ ಮೀನಿನ ಲಾರಿ ಓಡಿಸಿಕೊಂಡು ವಾರದಲ್ಲಿ ಐದು ದಿನ ರಾಜಧಾನಿ ಸೋಲ್‌ನ ದಾರಿಯಲ್ಲೇ ಇರುತ್ತಿದ್ದ. ಒಂದು ಚಳಿಗಾಲದ ದಿನ ಇವಳು ಮಗುವನ್ನು ಪಕ್ಕದ ಮನೆಗೆ ದಾಟಿಸಿ, ಬಂದರಿನ ಕಟ್ಟೆಯ ಮೇಲೆ ಕುಡಿದು ಬಿದ್ದಿದ್ದಳು. ಪೊಲೀಸರು ಎತ್ತಿಕೊಂಡು ಬಂದರು. ವಿಚ್ಛೇದನವಾಯಿತು, ಮಗು ಗಂಡನ ಪಾಲಾಯಿತು. ಇವಳು ತಿಂಗಳಿಗಿಷ್ಟು ಅಂತ ಮಗುವಿನ ಖರ್ಚಿಗೆ ಕೊಡಬೇಕು, ತಿಂಗಳಿಗೊಂದು ಭಾನುವಾರ ಮಗುವನ್ನು ನೋಡಬಹುದು ಎಂದು ಕೋರ್ಟು ಹೇಳಿತು. ಅಂದಿನಿಂದ ಒಂದು ತೊಟ್ಟು ಮುಟ್ಟಲಿಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು ಆಗಲೇ. ಆರು ವರ್ಷದಲ್ಲಿ ಒಂದು ತಿಂಗಳೂ ಹಣ ತಪ್ಪಿಸಲಿಲ್ಲ, ಒಂದು ಭಾನುವಾರವೂ ತಪ್ಪಿಸಲಿಲ್ಲ.

ಆ ಭಾನುವಾರಗಳು ನಮ್ಮ ಸ್ನಾನದ ಮನೆಯಲ್ಲೇ ಕಳೆಯುತ್ತಿದ್ದವು. ಡೋಶಿಕ್ ತಾನು ಹೋಗಿ ನೆಲೆಸಿದ್ದ ಜಿಂಜು ಪಟ್ಟಣದಿಂದ ಮಗುವನ್ನು ಕರೆತಂದು ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಅಮ್ಮ ಮಗಳು ಒಳಗೆ ಹೋದರೆ ಮೂರು ಗಂಟೆ ಹೊರಗೆ ಬರುತ್ತಿರಲಿಲ್ಲ. ನಮ್ಮ ಕಡೆ ತಾಯಿ ಮಗಳ ಪ್ರೀತಿಯೆಲ್ಲ ಬೆನ್ನಿನ ಮೇಲೆಯೇ. ಅಮ್ಮ ಮಗಳ ಬೆನ್ನು ತಿಕ್ಕಬೇಕು, ಆಮೇಲೆ ಮಗಳು ತನ್ನ ಪುಟ್ಟ ಕೈಯಲ್ಲಿ ಅಮ್ಮನ ಬೆನ್ನು ತಿಕ್ಕಬೇಕು. ಇಡೀ ತಿಂಗಳು ಊರವರ ಬೆನ್ನು ತಿಕ್ಕಿದವಳ ಬೆನ್ನನ್ನು ತಿಕ್ಕಲು ಪ್ರಪಂಚದಲ್ಲಿ ಇದ್ದದ್ದು ಆ ಮಗುವೊಂದೇ. ನಾವೆಲ್ಲ ಅವಳನ್ನು ಕರೆಯುತ್ತಿದ್ದದ್ದೂ ದಾಸೊಲ್ ಅಮ್ಮ ಅಂತಲೇ. ನಮ್‌ಹಿ ಅನ್ನುತ್ತಿದ್ದವಳು ನಾನೊಬ್ಬಳೇ, ವಯಸ್ಸಿನ ಸಲಿಗೆಯಿಂದ.

ದಾಸೊಲ್‌ಗೆ ಒಂಬತ್ತು ತುಂಬಿದ ವರ್ಷ, ಬೇಸಿಗೆಯ ಒಂದು ಶನಿವಾರ, ಜಿಂಜುವಿನಲ್ಲಿ ಮಗುವಿಗೆ ಹೊಟ್ಟೆನೋವು ಬಂತು. ಡೋಶಿಕ್ ಎರಡು ವರ್ಷದ ಹಿಂದೆ ಸೊಂಜಿನ್ ಎಂಬವಳನ್ನು ಮದುವೆಯಾಗಿದ್ದ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅವಳೇ ಮಗುವನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಅಪೆಂಡಿಕ್ಸ್ ಊದಿದೆ, ಆಪರೇಷನ್ ಆಗಬೇಕು, ಹೆತ್ತವರು ಯಾರಾದರೂ ಸಹಿ ಹಾಕಿ ಎಂದರು ಡಾಕ್ಟರು. ಡೋಶಿಕ್‌ನ ಲಾರಿ ಬೆಟ್ಟದ ಸುರಂಗಗಳ ನಡುವೆ ಎಲ್ಲೋ ಇತ್ತು, ಫೋನ್ ಸಿಗಲಿಲ್ಲ. ನಮ್‌ಹಿಗೆ ಹನ್ನೊಂದು ಸಲ ಫೋನ್ ಮಾಡಿದ್ದಾಳೆ. ಶನಿವಾರ ಹೆಂಗಸರ ಕಡೆ ಕಾಲಿಡಲು ಜಾಗವಿರುವುದಿಲ್ಲ. ನೀರಿನಲ್ಲಿ ಕೆಲಸ ಮಾಡುವವಳ ಫೋನ್ ಬಟ್ಟೆಯ ಜೊತೆ ಲಾಕರಿನಲ್ಲಿರುತ್ತದೆ. ಬೀಗ ಹಾಕಿದ ತಗಡಿನ ಡಬ್ಬಿಯಲ್ಲಿ ಅದು ಹನ್ನೊಂದು ಸಲ ಬಡಿದುಕೊಂಡಿತು, ಇವಳು ಹನ್ನೊಂದು ಜನರ ಮೈ ತಿಕ್ಕುತ್ತಿದ್ದಳು. ಕೊನೆಗೆ ಡೋಶಿಕ್ ಸಿಕ್ಕಿ ಒಪ್ಪಿಗೆ ಕೊಡುವಷ್ಟರಲ್ಲಿ ಮಗುವಿನ ಹೊಟ್ಟೆಯೊಳಗೆ ಕೀವು ಒಡೆದಿತ್ತು.

ಮಗು ಉಳಿಯಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿ ಕಡ್ಡಿಯಾಗಿ ಮನೆಗೆ ಬಂತು. ನಮ್‌ಹಿಯ ಮನಸ್ಸು ಮಾತ್ರ ಆ ಶನಿವಾರದಲ್ಲೇ ಸಿಕ್ಕಿಕೊಂಡಿತು. ಅಂಗಡಿಯವರಿಂದ ಪ್ಲಾಸ್ಟಿಕ್ ಚೀಲ ತಂದು, ಫೋನನ್ನು ಅದರಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡಿದಳು. ಆವಿಗೆ ನಾಲ್ಕೇ ದಿನದಲ್ಲಿ ಅದು ಸತ್ತುಹೋಯಿತು.

ಸೆಪ್ಟೆಂಬರಿನಲ್ಲಿ ಡೋಶಿಕ್ ನನ್ನ ಕಿಟಕಿಯ ಫೋನಿಗೆ ಕರೆ ಮಾಡಿದ. ನಮ್‌ಹಿ ಒದ್ದೆ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಅವನ ಗಂಟಲು ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಸೊಂಜಿನ್ ಮಗೂನ ಪೂರ್ತಿ ದತ್ತು ತಗೋತಾಳಂತೆ. ಹೆತ್ತವಳ ಥರಾನೇ ಆಗ್ತಾಳೆ, ಕಾಗದದಲ್ಲೂ. ನೀನು ಒಪ್ಪಿಗೆ ಕೊಟ್ರೆ ಸಾಕು. ತಿಂಗಳಾ ತಿಂಗಳಾ ದುಡ್ಡು ಕಳ್ಸೋ ತಾಪತ್ರಯನೂ ಇರಲ್ಲ ನಿಂಗೆ. ನಿನ್ನ ಭಾರಾನೂ ಇಳಿಯುತ್ತೆ ನೋಡು."

ನಾನು ಅವಳ ಕೈಯಿಂದ ಫೋನ್ ಕಸಿದುಕೊಂಡೆ.

"ಏನೋ ಡೋಶಿಕ್, ಮಗು ಅಂದ್ರೆ ನಿನ್ನ ಲಾರೀಲಿರೋ ಮೀನು ಅನ್ಕೊಂಡ್ಯಾ, ಈ ತೊಟ್ಟಿಯಿಂದ ಆ ತೊಟ್ಟಿಗೆ ಸುರಿಯೋಕೆ?"

"ಅಕ್ಕ, ನೀವು ಮಧ್ಯೆ ಬರ್ಬೇಡಿ."

"ನನ್ನ ಫೋನು, ನಾನು ಬರ್ತೀನಿ," ಎಂದು ಇಟ್ಟೆ.

ನಮ್ಮ ಕಡೆ ಈ ಪೂರ್ತಿ ದತ್ತು ಎನ್ನುವುದು ಅರ್ಧಂಬರ್ಧದ ಮಾತಲ್ಲ. ಅದಾದ ಮೇಲೆ ಹೆತ್ತವಳ ಹೆಸರು ಮಗುವಿನ ಕಾಗದದಿಂದ ಹೋಗುತ್ತದೆ, ಮಗುವಿನ ಹೆಸರು ಹೆತ್ತವಳ ಕಾಗದದಿಂದ ಹೋಗುತ್ತದೆ. ದುಡ್ಡು ಕೊಡುವ ಹೊಣೆಯಿಲ್ಲ, ನೋಡುವ ಭಾನುವಾರವೂ ಇಲ್ಲ. ಮೂರು ವರ್ಷ ದುಡ್ಡು ಕೊಡದೆ, ಮುಖವನ್ನೂ ನೋಡದೆ ಓಡಿಹೋದ ತಾಯಿಯಾದರೆ ಕೋರ್ಟು ಅವಳ ಒಪ್ಪಿಗೆಯಿಲ್ಲದೆಯೂ ಮುಗಿಸಬಹುದು. ಇವಳು ಒಂದು ತಿಂಗಳೂ ತಪ್ಪಿಸಿರಲಿಲ್ಲವಲ್ಲ, ಆದ್ದರಿಂದ ಇವಳನ್ನು ಕೇಳಲೇಬೇಕು. ಒಳ್ಳೆಯ ತಾಯಿಯಾಗಿದ್ದಕ್ಕೇ ಅವಳು ತನ್ನ ಕೈಯಿಂದಲೇ ಕತ್ತರಿಸಿಕೊಳ್ಳಬೇಕಾಯಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸುಗ್ಗಿಯ ಚೂಸೊಕ್ ಹಬ್ಬ ಕಳೆದು ಎರಡು ವಾರ. ಮಂಗಳವಾರ ಮಧ್ಯಾಹ್ನ, ಒಳಗೆ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಮೂವತ್ತಾರು ಮೂವತ್ತೇಳರ ಒಬ್ಬ ಹೆಂಗಸು ಬಂದು, ಮೈ ತಿಕ್ಕಿಸಿಕೊಳ್ಳಬೇಕು ಎಂದಳು. ಕೈಗಳ ಮೇಲೆ ಎಣ್ಣೆ ಸಿಡಿದ ಕಲೆಗಳು. ನಾನು ಟವೆಲ್ ಹೊತ್ತುಕೊಂಡು ಒಳಗೆ ಹೋದಾಗ ಅವಳು ಮಂಚದ ಮೇಲೆ ಮಲಗಿದ್ದಳು. ನಮ್‌ಹಿ ತೊಡೆಗೆ ಒಂದು ಏಟು ಹಾಕಿದಳು, ಅವಳು ಅಂಗಾತವಾದಳು. ಅಭ್ಯಾಸವಿಲ್ಲದವಳು. ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕೆ ಉದ್ದನೆಯ ಹೊಲಿಗೆಯ ಗುರುತಿತ್ತು.

ಮೈ ತಿಕ್ಕುವವರು ಸಂಕೋಚವಿಲ್ಲದೆ ಎಲ್ಲವನ್ನೂ ಕೇಳುತ್ತಾರೆ. "ಗರ್ಭಕೋಶ ತೆಗೆದಿದಾರಾ?" ಎಂದಳು ನಮ್‌ಹಿ.

"ಇಪ್ಪತ್ತೊಂಬತ್ತಕ್ಕೇ ತೆಗೆದ್ರು."

"ಅಯ್ಯೋ ಪಾಪ. ಮಕ್ಳು?"

ಅವಳು ಸೂರು ನೋಡುತ್ತ ಅಂದಳು: "ಒಬ್ಳಿದಾಳೆ. ನೀವು ಹೆತ್ತವ್ಳು."

ನಮ್‌ಹಿಯ ಕೈ ನಿಂತಿತು. ಬಕೆಟ್ಟಿನ ನೀರನ್ನು ಮುಖಕ್ಕೆ ಎರಚುತ್ತಾಳೆ ಎಂದುಕೊಂಡೆ. ಎರಚಲಿ ಅಂತ ನನಗಂತೂ ಆಸೆಯಿತ್ತು. ನಮ್‌ಹಿ ಎರಡು ಸಲ ಉಸಿರೆಳೆದುಕೊಂಡು, "ಆ ಕಡೆ ತಿರುಗಿ. ಅರ್ಧಕ್ಕೆ ಬಿಟ್ರೆ ಮೈ ಉರಿಯುತ್ತೆ," ಎಂದಳು.

ಸೊಂಜಿನ್ ಗೋಡೆಯ ಕಡೆ ತಿರುಗಿಯೇ ಮಾತಾಡಿದಳು. "ಬಟ್ಟೆ ಹಾಕ್ಕೊಂಡು ಎದುರುಬದುರು ಕೂತ್ರೆ ನಂಗೆ ಬಾಯೇ ಬರ್ತಿರ್ಲಿಲ್ಲ ಅಕ್ಕ. ಕ್ಷಮಿಸಿ. ಅವತ್ತು ಆಸ್ಪತ್ರೇಲಿ ಅವ್ಳು ನನ್ನ ಕೈ ಹಿಡ್ಕೊಂಡು ವಾಂತಿ ಮಾಡ್ತಿದ್ಲು. ನೀವು ಮಗೂಗೆ ಏನಾಗ್ಬೇಕು ಅಂತ ಕೇಳಿದ್ರು. ಕಾಗದದಲ್ಲಿ ನಾನು ಏನೂ ಆಗ್ಬೇಕಿರ್ಲಿಲ್ಲ. ಪಕ್ಕಕ್ಕೆ ನಿಂತ್ಕೊಳ್ಳಿ ಅಂದ್ರು."

"ನನ್ನ ಫೋನು ಲಾಕರಲ್ಲಿತ್ತು," ಎಂದಳು ನಮ್‌ಹಿ.

"ಗೊತ್ತು ಅಕ್ಕ. ನಾನು ತಪ್ಪು ಎತ್ತಾಡೋಕೆ ಬಂದಿಲ್ಲ. ಅವ್ರು ವಾರವಿಡೀ ಲಾರೀಲಿ, ನೀವು ನೀರಲ್ಲಿ. ಹತ್ರ ಇರೋಳು ನಾನು, ಆದ್ರೆ ನನ್ನ ಸಹಿಗೆ ಬೆಲೆಯಿಲ್ಲ. ಇನ್ನೊಂದ್ಸಲ ಹಂಗಾದ್ರೆ ಏನ್ಮಾಡ್ಲಿ ಹೇಳಿ."

ಬೆನ್ನು ಮುಗಿಯಿತು, ಕಾಲು ಮುಗಿಯಿತು. ನಮ್‌ಹಿ ಮೂರು ಬಕೆಟ್ ನೀರು ಸುರಿದು ಅವಳನ್ನು ಎಬ್ಬಿಸಿ ಕೂರಿಸಿದಳು. ಸೊಂಜಿನ್ ಮೊಣಕಾಲು ತಬ್ಬಿಕೊಂಡು, ಇನ್ನೊಂದು ಮಾತು ಎಂದಳು. "ಅವ್ಳು ನಂಗೆ ಬೆನ್ನು ಮುಟ್ಟೋಕೆ ಬಿಡಲ್ಲ ಅಕ್ಕ. ಎರಡು ವರ್ಷ ಆಯ್ತು. ಬೆನ್ನು ತಿಕ್ಕೋಕೆ ನಮ್ಮಮ್ಮ ಇದಾಳೆ ಅಂತಾಳೆ."

ಆಗ ನಮ್‌ಹಿ ನನ್ನ ಕಡೆ ನೋಡಿದಳು. ನಾನು ಟವೆಲ್ ಮಡಿಸುವ ನೆಪದಲ್ಲಿ ನಾಚಿಕೆಯಿಲ್ಲದೆ ನಿಂತಿದ್ದೆ.

"ಅಕ್ಕ, ಬಟ್ಟೆ ಬಿಚ್ಚಿ ಮಲಕ್ಕೋ."

"ನಾನ್ಯಾಕೆ?"

"ಮಲಕ್ಕೋ ಅಂದೆ."

ಅರವತ್ತಮೂರರ ಮುದುಕಿ ನಾನು ಒಂಬತ್ತು ವರ್ಷದ ಹುಡುಗಿಯಾಗಿ ಮಂಚದ ಮೇಲೆ ಬೋರಲು ಬಿದ್ದೆ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ನೀರು ಹೋಗುವ ಜಾಲರಿ ಮಾತ್ರ. ನಮ್‌ಹಿ ಹಸಿರು ಚೀಲವನ್ನು ಸೊಂಜಿನ್ ಕೈಗೆ ತೊಡಿಸಿ, ಅದರ ಮೇಲೆ ತನ್ನ ಕೈ ಇಟ್ಟು ನನ್ನ ಮೈಮೇಲೆ ಎಳೆದಳು.

"ಬೆನ್ನಿಂದ ಶುರು ಮಾಡ್ಬೇಡ, ಹೆದರ್ತಾಳೆ. ಮೊದ್ಲು ಕೈ. ಮೊಣಕೈ ಒಳಗಡೆ ಕಜ್ಜಿ ಥರ ಒರಟಿದೆ, ಅಲ್ಲಿ ಚೀಲ ಬೇಡ, ಬರೀ ನೊರೆ. ಕತ್ತಿಗೆ ಹೋದ್ರೆ ಕಚಗುಳಿ, ಒದೀತಾಳೆ. ಹುಷಾರು."

"ಹೂಂ."

"ಎಡ ಭುಜದ ಮೂಳೆ ಕೆಳಗೆ ಒಂದು ಮಚ್ಚೆ ಇದೆ. ಕೊಳೆ ಅನ್ಕೊಂಡು ತಿಕ್ಕೀಯ. ನಾನೇ ಒಂದ್ಸಲ ತಿಕ್ಕಿ ರಕ್ತ ಬರ್ಸಿದ್ದೆ."

"ಹೂಂ."

"ತಲೆಗೆ ನೀರು ಹಾಕುವಾಗ ಕಣ್ಮುಚ್ಚು ಅನ್ಬೇಡ. ಸೂರಲ್ಲಿ ಎಷ್ಟು ಹನಿ ನೇತಾಡ್ತಿದೆ ಎಣಿಸು ಅನ್ನು. ತಾನಾಗೇ ಮುಖ ಮೇಲೆತ್ತಾಳೆ. ತಪ್ಪೆಣಿಸಿದ್ರೆ ಸರಿ ಮಾಡ್ಬೇಡ."

ನನ್ನ ಬೆನ್ನಿನ ಮೇಲೆ ಎರಡು ಕೈಗಳಿದ್ದವು. ಒಂದು ಗಟ್ಟಿ, ಇನ್ನೊಂದು ಹೊಸದು. ಸ್ವಲ್ಪ ಹೊತ್ತಿಗೆ ಗಟ್ಟಿ ಕೈ ಎದ್ದುಹೋಯಿತು, ಹೊಸ ಕೈ ಒಂದೇ ಉಳಿದು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಓಡಾಡಿತು. "ಇನ್ನೂ ಸ್ವಲ್ಪ ಒತ್ತು. ಅಷ್ಟೆ, ಅಷ್ಟೆ," ಎಂದಳು ನಮ್‌ಹಿ. ನನ್ನ ಬೆನ್ನಿಗೆ ಹನಿಯೊಂದು ಬಿತ್ತು. ಸೂರಿನಿಂದ ಬೀಳುವ ಹನಿ ತಣ್ಣಗಿರುತ್ತದೆ, ಇದು ಬಿಸಿಯಾಗಿತ್ತು. ನಾನು ಜಾಲರಿಯನ್ನೇ ನೋಡುತ್ತ ಮಲಗಿದ್ದೆ.

ಸೊಂಜಿನ್ ಹೋದ ಮೇಲೆ ನಾನು ಜಗಳಕ್ಕೆ ನಿಂತೆ. "ಹುಚ್ಚು ಹಿಡಿದಿದ್ಯಾ? ಅವ್ಳೇನೋ ಒಳ್ಳೇವ್ಳೇ ಇರ್ಬಹುದು. ಹಾಗಂತ ಹೊಟ್ಟೇಲಿ ಹುಟ್ಟಿದ್ದನ್ನ ಎತ್ತಿ ಕೊಟ್ಬಿಡ್ತೀಯಾ? ನೋಡೋಕೂ ಬಿಡಲ್ಲ ಗೊತ್ತಾ?"

"ಗೊತ್ತು ಅಕ್ಕ."

"ಮತ್ತೆ?"

"ಅವಳು ನಂಗೆ ಹನ್ನೊಂದು ಸಲ ಫೋನ್ ಮಾಡಿದ್ಲು. ಮಗು ಹೊಟ್ಟೆನೋವಲ್ಲಿ ಒದ್ದಾಡ್ತಿರೋವಾಗ ಒಂದು ಕೈಲಿ ಮಗು ಹಿಡ್ಕೊಂಡು ಹನ್ನೊಂದು ಸಲ. ನಾನಾಗಿದ್ರೆ ಅಷ್ಟು ಸಲ ಮಾಡ್ತಿದ್ನೋ ಇಲ್ವೋ ಅಂತ ಯೋಚಿಸ್ತಿದೀನಿ."

ನಾನು ಕಿಟಕಿಗೆ ಹೋಗಿ ಕೂತೆ.

ಒಪ್ಪಿಗೆಯ ಕಾಗದಕ್ಕೆ ನಮ್‌ಹಿ ನನ್ನ ಕಿಟಕಿಯ ಕಟ್ಟೆಯ ಮೇಲೇ ಸಹಿ ಹಾಕಿದಳು. ಆಮೇಲೆ ಜಿಂಜುವಿನ ಕೋರ್ಟಿನಲ್ಲಿ ವಿಚಾರಣೆ. ಜೊತೆಗೆ ನಾನೂ ಹೋದೆ, ಹೊರಗಿನ ಬೆಂಚಿನಲ್ಲಿ ಕೂತೆ. ಬಂದು ಅವಳೇ ಹೇಳಿದಳು. ಯಾರಾದರೂ ಒತ್ತಾಯ ಮಾಡಿದರಾ ಎಂದು ಕೇಳಿದರಂತೆ, ಇಲ್ಲ ಅಂದಳಂತೆ. ದುಡ್ಡಿನ ಕಷ್ಟವಾ ಎಂದರಂತೆ, ಇಲ್ಲ ಅಂದಳಂತೆ. ಹಾಗಾದರೆ ಯಾಕೆ ಒಪ್ಪುತ್ತಿದ್ದೀರಿ ಎಂದು ಜಡ್ಜ್ ಪೆನ್ನು ಕೆಳಗಿಟ್ಟು ಕೇಳಿದರಂತೆ.

"ಏನಂದೆ?"

"ನನ್ನ ಫೋನು ಲಾಕರಲ್ಲಿರುತ್ತೆ ಸಾರ್ ಅಂದೆ."

ತೀರ್ಪಿಗೆ ಮುಂಚೆ ಉಳಿದಿದ್ದದ್ದು ಒಂದೇ ಭಾನುವಾರ. ಅವತ್ತು ಅಮ್ಮ ಮಗಳು ಒಳಗೆ ಹೋದವರು ಐದು ಗಂಟೆ ಕಾಲ ಹೊರಗೆ ಬರಲಿಲ್ಲ. ಒಳಗೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ನಾನು ಹೋಗಲಿಲ್ಲ. ಟವೆಲ್ ಮುಗಿದಿದೆ ಎಂದು ಕೂಗಿದರೂ ಹೋಗಲಿಲ್ಲ. ಹೊರಗೆ ಬಂದಾಗ ಮಗುವಿನ ಕೆನ್ನೆ ಕೆಂಪಾಗಿ, ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು. ನಮ್‌ಹಿ ಮಂಡಿಯೂರಿ ಅವಳ ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದಳು, ಮತ್ತೆ ಇಳಿಸಿದಳು, ಮತ್ತೆ ಎಳೆದಳು. ಡೋಶಿಕ್ ಹಾರ್ನ್ ಮಾಡಿದ. ಅವನ ಬಾಯಿಗೆ ಮಣ್ಣು ಹಾಕ.

ಡಿಸೆಂಬರಿನಲ್ಲಿ ತೀರ್ಪು ಬಂತು. ಹತ್ತನೇ ತಾರೀಖು ನಮ್‌ಹಿ ಎಂದಿನಂತೆ ಬ್ಯಾಂಕಿಗೆ ಹೋಗಿ ಹಣ ಹಾಕಿ ಬಂದಳು. ಮಾರನೆಯ ದಿನ ಅದು ವಾಪಸ್ ಬಂತು, ಡೋಶಿಕ್‌ನೇ ಕಳಿಸಿದ್ದ. ಇನ್ನು ಬೇಡ ಎಂದು ಒಂದು ಸಾಲು ಬರೆದಿದ್ದ. ಊರಿನವರು ಉಳಿಯಿತು ಉಳಿಯಿತು ಎನ್ನುವ ದುಡ್ಡು ಅದೇ. ಅವಳು ಅದನ್ನು ಮುಟ್ಟಲಿಲ್ಲ, ಆದರೆ ಮೊದಲಿನಷ್ಟೇ ಮೈ ತಿಕ್ಕಿದಳು, ಇನ್ನೂ ಜಾಸ್ತಿಯೇ ತಿಕ್ಕಿದಳು. ಜನವರಿಯಲ್ಲಿ ಮಗಳ ಹುಟ್ಟಿದ ದಿನ ಬೆಳಿಗ್ಗೆ ಕಡಲಪಾಚಿಯ ಸೂಪು ಮಾಡಿ ತಂದಿದ್ದಳು. ಹುಟ್ಟುಹಬ್ಬದ ಸೂಪು ಅದು. ನನಗೊಂದು ಬಟ್ಟಲು ಕೊಟ್ಟು, ಯಾರ ಹುಟ್ಟುಹಬ್ಬ ಅಂತ ಹೇಳದೆ ತಾನೂ ಕುಡಿದಳು. ಅವತ್ತೇ ಯಾರೋ ತೊಟ್ಟಿಯೊಳಗಿಂದ "ದಾಸೊಲ್ ಅಮ್ಮಾ, ನನ್ನ ಸರದಿ ಯಾವಾಗ?" ಎಂದು ಕೂಗಿದರು. ನಮ್‌ಹಿ ತಿರುಗಲಿಲ್ಲ. ಇನ್ನೊಂದು ಸಲ ಕೂಗಿದರೂ ತಿರುಗಲಿಲ್ಲ. ಇನ್ನು ಹಾಗೆ ಕರೆಯಬೇಡಿ ಎಂದು ನಾನು ಹೋಗಿ ಆ ಹೆಂಗಸಿನ ಕಿವಿಯಲ್ಲಿ ಹೇಳಬೇಕಾಯಿತು.

ಚಾಂದ್ರಮಾನ ಹೊಸವರ್ಷದ ಸೊಲ್ಲಾಲ್ ಹಬ್ಬದ ಹಿಂದಿನ ದಿನ ಊರಿನ ಕೊಳೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಬಾಗಿಲಾಚೆಯವರೆಗೆ ಸಾಲು. ನಮ್‌ಹಿ ಗುಟುಕು ನೀರು ಕುಡಿಯಲು ನನ್ನ ಕಿಟಕಿಯ ಹಿಂದಿನ ಟವೆಲ್ ಕೋಣೆಗೆ ಬಂದಿದ್ದಳು. ಸಾಲಿನಲ್ಲಿ ಸೊಂಜಿನ್ ಕಂಡಳು, ಅವಳ ಕೈ ಹಿಡಿದುಕೊಂಡು ದಾಸೊಲ್.

ಗಂಡನಿಗೆ ಹೇಳದೆ ಕರೆತಂದಿದ್ದಳು, ಪಾಪ. ಕೋರ್ಟು ಏನೇ ಅಂದಿರಲಿ, ಹಬ್ಬಕ್ಕೆ ತಾಯಿ ಮಗಳು ಒಂದು ಗಳಿಗೆ ಜೊತೆಗಿರಲಿ ಎಂದುಕೊಂಡಿರಬೇಕು. ನಾನು ಹಿಂದಕ್ಕೆ ತಿರುಗಿ ಪಿಸುಗುಟ್ಟಿದೆ: "ಬಂದಿದಾಳೆ ಕಣೇ. ನಿನ್ನ ಮಗಳು."

ನಮ್‌ಹಿ ಕೈಯಲ್ಲಿದ್ದ ಲೋಟ ಇಟ್ಟು, ಟವೆಲ್ ಕಪಾಟಿನ ಹಿಂದೆ ನೆಲದ ಮೇಲೆ ಕೂತುಬಿಟ್ಟಳು. "ಇಲ್ಲ ಅಂದುಬಿಡು ಅಕ್ಕ. ಕೆಲಸ ಬಿಟ್ಟು ಬೂಸಾನ್‌ಗೆ ಹೋದ್ಲು ಅನ್ನು."

"ಒಂದ್ಸಲ ನೋಡೇ."

"ನೋಡಿದ್ರೆ ಕೊಡಲ್ಲ ಅಕ್ಕ. ಈಗ ಅವಳ ಮನಸ್ಸು ಅಲ್ಲಿ ನಿಲ್ಲೋ ಹೊತ್ತು. ನಾನು ಕಂಡ್ರೆ ಮತ್ತೆ ಕಿತ್ಕೊಂಡು ಬರುತ್ತೆ. ನಿನ್ನ ಕಾಲಿಗೆ ಬೀಳ್ತೀನಿ, ಇಲ್ಲ ಅನ್ನು."

ಅಷ್ಟರಲ್ಲಿ ಅವರು ಕಿಟಕಿಗೆ ಬಂದಿದ್ದರು. ಮಗು ಕಟ್ಟೆಯ ಮೇಲೆ ಗಲ್ಲ ಇಟ್ಟು ನನ್ನ ಹಿಂದಕ್ಕೆ ಇಣುಕಿತು. ಕೇಳಬೇಕಾದ್ದನ್ನು ಕೇಳಿತು. ನಾನು ಹೇಳಬೇಕಾದ್ದನ್ನು ಹೇಳಿದೆ. ಸುಳ್ಳು ಹೇಳುವಾಗ ಚಿಲ್ಲರೆ ಎರಡು ಸಲ ಕೈಜಾರಿತು. ಸೊಂಜಿನ್ ನನ್ನ ಮುಖ ನೋಡಿದಳು, ನಾನು ನೋಡಲಿಲ್ಲ. ಮಗು ಕಟ್ಟೆಯಿಂದ ಗಲ್ಲ ಎತ್ತಿ, "ಹೌದಾ," ಎಂದು ಒಳಗೆ ಹೋಯಿತು. ನಮ್‌ಹಿ ಸರದಿ ಕಾಯುತ್ತಿದ್ದವರಿಗೆ ಗುಟ್ಟಾಗಿ ಹೊಟ್ಟೆನೋವೆಂದು ಹೇಳಿಸಿ, ಅವರು ಸ್ನಾನ ಮುಗಿಸಿ ಹೋಗುವವರೆಗೆ ಆ ಕತ್ತಲ ಕೋಣೆಯಲ್ಲೇ ಕೂತಿದ್ದಳು. ಗದ್ದಲದಲ್ಲಿ ಕಿಟಕಿಯಲ್ಲಾಡಿದ ಮಾತು ಅವಳಿಗೆ ಏನೂ ಕೇಳಿಸಿರಲಾರದು.

ಹೊರಗೆ ಬಂದಾಗ ಮೊದಲು ಕೇಳಿದ್ದು: "ಎಷ್ಟೆತ್ತರ ಆಗಿದಾಳೆ ಅಕ್ಕ?"

ಕಟ್ಟೆಯ ಅಂಚಿನಿಂದ ಒಂದು ಗೇಣು ಮೇಲೆ ಕೈ ಹಿಡಿದು ತೋರಿಸಿದೆ. ಅವಳು ನನ್ನ ಕೈ ಸರಿಸಿ, ಅದೇ ಎತ್ತರದಲ್ಲಿ ತನ್ನ ಅಂಗೈ ಹಿಡಿದು ನಿಂತಳು. ಸಾಲಿನಲ್ಲಿದ್ದವರು ಇವಳಿಗೇನಾಯಿತು ಎಂದು ನೋಡುತ್ತಿದ್ದರು. ನೋಡಿಕೊಳ್ಳಲಿ.

"ಏನಂತ ಕೇಳಿದ್ಲು?"

"ಅಮ್ಮ ಎಲ್ಲಿ ಅಂತ ಕೇಳಿದ್ಲು," ಎಂದೆ.

ನಮ್‌ಹಿ ತಲೆಯಾಡಿಸಿದಳು. "ಸುಳ್ಳು ಹೇಳ್ಬೇಡ ಅಕ್ಕ. ಮೈ ತಿಕ್ಕೋ ಆಂಟಿ ಎಲ್ಲಿ ಅಂತ ಕೇಳಿರ್ತಾಳೆ. ಅವಳ ಅಮ್ಮ ಪಕ್ಕದಲ್ಲೇ ಇದ್ಲಲ್ಲ, ಅವ್ಳಿಗೆ ನೋವಾಗ್ಬಾರ್ದು. ಆಂಟಿ ಅನ್ಬೇಕು ಅಂತ ಕೊನೇ ಭಾನುವಾರ ನಾನೇ ಹೇಳ್ಕೊಟ್ಟೆ. ಐದು ಗಂಟೆ ಹಿಡೀತು ಕಲಿಯೋಕೆ."

ಮಗು ಕೇಳಿದ್ದು ಹಾಗೆಯೇ. ನಮ್‌ಹಿ ಹಸಿರು ಚೀಲವನ್ನು ಕೈಗೆ ಎಳೆದುಕೊಂಡು ಒಳಗೆ ಹೋಗಿ, ನಲವತ್ತೆರಡನೇ ಲಾಕರಿನವರು ಬನ್ನಿ ಎಂದು ಕೂಗಿದಳು.